ಮಲಾವಿ, ಇಥಿಯೋಪಿಯಾ, ನೇಪಾಳದವರಿಗೆ ಆನ್‌ಲೈನ್‌ನಲ್ಲಿ ರಿಮೋಟ್ ಸೆನ್ಸಿಂಗ್ ಪಾಠ: ಅರ್ಧ ಜನ ಬಿಟ್ಟು ಹೋದರು, ಏನು ಮಾಡಲಿ?

ಎಡದಂಡೆ_ರಾಯಚೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಕಡೆಯ ಒಂದು ಕಾಲೇಜಿನಲ್ಲಿ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಕೆಲಸ), ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರ ಓದುವುದು) ಪಾಠ ಮಾಡುತ್ತೇನೆ. ಈ ವರ್ಷ ಒಂದು ಸಂಸ್ಥೆಯವರು ಹತ್ತು ವಾರದ ಆನ್‌ಲೈನ್ ಕೋರ್ಸ್ ನಡೆಸಿಕೊಡಿ ಅಂತ ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ. ಕಲಿಯುವವರು ಮಲಾವಿ, ಇಥಿಯೋಪಿಯಾ, ನೇಪಾಳದವರು. ಹೆಚ್ಚಿನವರು ಕೃಷಿ, ನೀರಾವರಿ, ಅರಣ್ಯ ಇಲಾಖೆಗಳಲ್ಲಿ ಊರೂರು ತಿರುಗುವ ಕೆಲಸದವರು.

ಮೊದಲ ವಾರ 38 ಜನ ಇದ್ದರು. ಈಗ ನಾಲ್ಕನೇ ವಾರ, 17 ಜನ ಉಳಿದಿದ್ದಾರೆ. ನನಗೆ ತುಂಬಾ ಬೇಜಾರಾಗಿದೆ. ಅವರಿಗೆ ಆಸಕ್ತಿ ಇಲ್ಲ ಅಂತ ನಾನು ಖಂಡಿತ ನಂಬುವುದಿಲ್ಲ. ಮೊದಲ ದಿನ ಅವರು ಕೇಳಿದ ಪ್ರಶ್ನೆಗಳನ್ನು ನಮ್ಮ ಎಂಎಸ್ಸಿ ಹುಡುಗರೂ ಕೇಳಿಲ್ಲ.

ಪಾಠ ಹೀಗೆ ನಡೆಯುತ್ತದೆ. ಪ್ರತಿ ಶನಿವಾರ ನಮ್ಮ ಸಂಜೆ 5:30ಕ್ಕೆ ಎರಡು ಗಂಟೆ ಲೈವ್ ಕ್ಲಾಸ್. ಆಗ ಮಲಾವಿಯಲ್ಲಿ ಮಧ್ಯಾಹ್ನ 2, ಇಥಿಯೋಪಿಯಾದಲ್ಲಿ 3, ನೇಪಾಳದಲ್ಲಿ 5:45. ಎಲ್ಲರಿಗೂ ಹೊಂದುವ ಸಮಯ ಅಂತ ಲೆಕ್ಕ ಹಾಕಿ ಇಟ್ಟಿದ್ದು. ಕ್ಲಾಸ್ ಆದ ಮೇಲೆ ಸೆಂಟಿನೆಲ್-2 ಉಪಗ್ರಹದ ಒಂದು ಟೈಲ್‌ನ, ಅಂದರೆ ಚೌಕಾಕಾರದ ಚಿತ್ರದ, ಲಿಂಕ್ ಕೊಡುತ್ತೇನೆ. ಅದನ್ನು ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅಂತ ತೋರಿಸುವ ಲೆಕ್ಕ, ಮಾಡಬೇಕು. ಅಭ್ಯಾಸಕ್ಕೆ ಸಿಂಧನೂರಿನ ಭತ್ತದ ಗದ್ದೆ ಕೊಟ್ಟಿದ್ದೆ, ಅಕ್ಟೋಬರ್ ಚಿತ್ರ. ತುಂಗಭದ್ರಾ ಕಾಲುವೆಯ ಕೆಳಗೆ ಎಷ್ಟು ಹಸಿರು, ಮೇಲೆ ಎಷ್ಟು ಒಣ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ಅದಕ್ಕಿಂತ ಒಳ್ಳೆ ಉದಾಹರಣೆ ಸಿಗಲಾರದು ಅಂದುಕೊಂಡಿದ್ದೆ.

ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಮಲಾವಿಯ ಕಸುಂಗು ಜಿಲ್ಲೆಯವರೊಬ್ಬರು ಸಿಂಧನೂರನ್ನು ಬಿಟ್ಟು ತಮ್ಮ ಊರಿನ ಚಿತ್ರ ತೆಗೆದುಕೊಂಡು ಅಭ್ಯಾಸ ಮಾಡಿದ್ದರು. ತಿಂಗಳು ಮಾತ್ರ ನಾನು ಹೇಳಿದ ಅಕ್ಟೋಬರ್. ಇಡೀ ನಕ್ಷೆ ಕಂದು ಬಣ್ಣ. 'ಸರ್, ಕ್ಷಮಿಸಿ, ನನ್ನದು ಫೇಲ್ ಆಗಿದೆ' ಅಂತ ಬರೆದಿದ್ದರು. ನಾನು ಒಂದು ಗಂಟೆ ಅವರ ತಪ್ಪು ಹುಡುಕಿದೆ. ತಪ್ಪೇ ಇರಲಿಲ್ಲ. ಅಲ್ಲಿ ಮಳೆ ಶುರುವಾಗುವುದೇ ನವೆಂಬರ್‌ನಲ್ಲಿ. ಅಕ್ಟೋಬರ್‌ನಲ್ಲಿ ಹೊಲ ಬರಿದಾಗಿ ಬಿದ್ದಿರುತ್ತದೆ. ಇದು ನನಗೆ ಹೊಳೆದು ಉತ್ತರ ಬರೆಯುವಷ್ಟರಲ್ಲಿ ಅವರು ಬರುವುದನ್ನು ನಿಲ್ಲಿಸಿದ್ದರು.

ಇನ್ನೊಂದು, ಇಥಿಯೋಪಿಯಾದ ಇಬ್ಬರು ಒಂದು ಕ್ಲಾಸಿಗೂ ಬಂದಿಲ್ಲ. ಕೇಳಿದರೆ 'ನಾವು ಸರಿಯಾದ ಟೈಮಿಗೆ ಬಂದಿದ್ದೆವು, ಯಾರೂ ಇರಲಿಲ್ಲ' ಅನ್ನುತ್ತಾರೆ. ಸುಳ್ಳು ಹೇಳುವವರ ಥರ ಕಾಣುವುದಿಲ್ಲ.

ಇನ್ನು ಆರು ವಾರ ಇದೆ. ಡೌನ್‌ಲೋಡ್ ಪೂರ್ತಿ ಬಿಟ್ಟು, ನೆಟ್‌ನಲ್ಲೇ ಚಿತ್ರದ ಲೆಕ್ಕ ಮಾಡುವ ಗೂಗಲ್ ಅರ್ಥ್ ಎಂಜಿನ್‌ಗೆ ಹೋಗಲಾ? ಇಂಥ ಕಡೆ ಪಾಠ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಧಾರವಾಡದ_ಪಿಕ್ಸೆಲ್ ಉತ್ತರಿಸಿದ್ದು:

ಸರ್, ನಮಸ್ಕಾರ. ನಾನು ಇಂಥ ಆರು ಬ್ಯಾಚ್ ಮಾಡಿದ್ದೇನೆ. ಹೆಚ್ಚಿನವರು ಮಲಾವಿ, ತಾಂಜಾನಿಯಾ, ಇಥಿಯೋಪಿಯಾದವರು. ನಿಮ್ಮ ಪ್ರಶ್ನೆ ಓದುವಾಗ ನನ್ನ ಮೊದಲ ಬ್ಯಾಚೇ ಕಣ್ಣ ಮುಂದೆ ಬಂತು.

ಮೊದಲು ಆ ಇಬ್ಬರ ವಿಷಯ. ಅವರು ನಿಜವನ್ನೇ ಹೇಳುತ್ತಿದ್ದಾರೆ. ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ ಬೆಳಿಗ್ಗೆ 7 ಅಂದರೆ ಅವರಿಗೆ 1 ಗಂಟೆ. ನೀವು 3 ಗಂಟೆ ಅಂದಿರಿ, ಅವರು ಬೆಳಿಗ್ಗೆ 9ಕ್ಕೆ ಬಂದು ಕಾದಿದ್ದಾರೆ. ಮಧ್ಯಾಹ್ನದ 3 ಅವರ ಲೆಕ್ಕದಲ್ಲಿ 9 ಗಂಟೆ. ಇನ್ನು ಮೇಲೆ ಎರಡೂ ರೀತಿ ಬರೆದು ಕಳಿಸಿ. ಇಬ್ಬರಿಗೂ ಇವತ್ತೇ ಒಂದು ಮಾತು ತಿಳಿಸಿ. ಕಾದು ಕೂತು ಎದ್ದು ಹೋದವರು ಅವರು.

ಎರಡನೆಯದು ಡೇಟಾ. ಒಂದು ಸೆಂಟಿನೆಲ್-2 ಟೈಲ್ ಹೆಚ್ಚುಕಡಿಮೆ ಒಂದು ಜಿಬಿ ತೂಗುತ್ತದೆ. ಕ್ಯೂಜಿಐಎಸ್ ಇನ್‌ಸ್ಟಾಲರ್ ಇನ್ನೊಂದು ಜಿಬಿಗೂ ಜಾಸ್ತಿ. ನಮಗೆ ದಿನದ ಪ್ಯಾಕ್‌ನಲ್ಲೇ ಮುಗಿದು ಹೋಗುತ್ತದೆ, ಲೆಕ್ಕಕ್ಕೇ ಬರುವುದಿಲ್ಲ. ಅವರು ಕೈಯಿಂದ ದುಡ್ಡು ಕೊಟ್ಟು ಎಂಬಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅರ್ಧಕ್ಕೆ ಕರೆಂಟ್ ಹೋದರೆ ಡೌನ್‌ಲೋಡ್ ಮತ್ತೆ ಮೊದಲಿನಿಂದ. 2022ರ ಜನವರಿಯಲ್ಲಿ ಅನಾ ಚಂಡಮಾರುತ ಬಂದು ಮಲಾವಿಯ ಕಪಿಚಿರಾ ಜಲವಿದ್ಯುತ್ ಕೇಂದ್ರ ಹಾಳಾಯಿತು. ಆ ವರ್ಷದ ಬ್ಯಾಚ್‌ನಲ್ಲಿ ಮಲಾವಿಯವರು ಮೊಬೈಲ್ ಚಾರ್ಜ್ ಮಾಡಿಸಿಕೊಳ್ಳಲು ಪೇಟೆಗೆ ಹೋಗಿ ಬಂದು ಹೋಂವರ್ಕ್ ಕಳಿಸಿದ್ದಾರೆ. ಅವರಿಗೆ ಒಂದು ಜಿಬಿ ಲಿಂಕ್ ಕೊಡುವ ಮನಸ್ಸು ನನಗೆ ಮತ್ತೆ ಬರಲಿಲ್ಲ.

ಹಾಗಾಗಿ ಕತ್ತರಿಸುವ ಕೆಲಸ ನೀವೇ ಮಾಡಿ. ಲೆಕ್ಕ ನೋಡಿ. 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ತುಂಡು. 10 ಮೀಟರ್ ಪಿಕ್ಸೆಲ್ ಅಂದರೆ ಸಾವಿರ ಸಾಲು, ಸಾವಿರ ಕಾಲಂ, ಒಟ್ಟು 10 ಲಕ್ಷ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಎರಡು ಬೈಟ್. ನೀಲಿ, ಹಸಿರು, ಕೆಂಪು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಬೆಳಕಿನ ಈ ನಾಲ್ಕು ಬ್ಯಾಂಡ್ ಸಾಕು. 8 ಎಂಬಿ ಆಯಿತು. ಕಂಪ್ರೆಸ್ ಮಾಡಿದರೆ ಇನ್ನೂ ಕಡಿಮೆ. ವಾಟ್ಸಾಪ್‌ನಲ್ಲೇ ಹೋಗುತ್ತದೆ. ಇಥಿಯೋಪಿಯಾದವರಿಗೆ ಟೆಲಿಗ್ರಾಂ ಜಾಸ್ತಿ ರೂಢಿ, ಅಲ್ಲಿ ಹಾಕಿ. 38 ಜನರಿಗೆ 38 ತುಂಡು, ಪ್ರತಿಯೊಬ್ಬರಿಗೂ ಅವರದೇ ಊರು. ನನಗೆ ಎರಡು ರಾತ್ರಿ ಹಿಡಿಯಿತು. ಇಡೀ ಕೋರ್ಸ್‌ನಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಅಂತ ಈಗಲೂ ಅನ್ನಿಸುತ್ತದೆ.

ಅವರದೇ ಊರು ಯಾಕೆ ಬೇಕು ಅಂದರೆ, ಒಂದು ಘಟನೆ ಹೇಳುತ್ತೇನೆ. ಮಲಾವಿಯ ಒಂದು ಸೆಪ್ಟೆಂಬರ್ ಚಿತ್ರ ತೋರಿಸುತ್ತಿದ್ದೆ. ಸುತ್ತ ಎಲ್ಲ ಒಣಗಿದೆ. ನಡುವೆ ಬೆರಳಿನಂತೆ ಕವಲೊಡೆದ ಸಣ್ಣ ಹಸಿರು ಗೆರೆಗಳು. 'ಇವು ಹಳ್ಳದ ದಂಡೆಯ ಮರಗಳು, ಇದನ್ನು ಕಾಡು ಅಂತ ಗುರುತು ಮಾಡಿ' ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕೃಷಿ ಇಲಾಖೆಯ ಒಬ್ಬ ಹೆಣ್ಣುಮಗಳು ಮೈಕ್ ಆನ್ ಮಾಡಿ ಮೆಲ್ಲಗೆ ಹೇಳಿದರು: 'ಮೇಡಂ, ಅದು ಕಾಡಲ್ಲ, ದಿಂಬಾ.' ಮಳೆಗಾಲ ಮುಗಿದು ತಗ್ಗಿನ ಜೌಗು ನೆಲದಲ್ಲಿ ನೀರು ಇಳಿದ ಮೇಲೆ ಅಲ್ಲಿ ತರಕಾರಿ, ಮೆಕ್ಕೆಜೋಳ ಹಾಕುತ್ತಾರಂತೆ. ನಮ್ಮಲ್ಲಿ ಕೆರೆ ನೀರು ಇಳಿದ ಮೇಲೆ ಕೆರೆಯಂಗಳದಲ್ಲಿ ಕಡಲೆ ಬಿತ್ತುತ್ತಾರಲ್ಲ, ಆ ಥರ. ಅವತ್ತಿನ ಪಾಠ ನಾನು ಅಲ್ಲಿಗೇ ನಿಲ್ಲಿಸಿದೆ. ಉಳಿದ ಮುಕ್ಕಾಲು ಗಂಟೆ ಅವರೇ ಹೇಳಿದರು, ನಾನು ಬರೆದುಕೊಂಡೆ. ಯಾವ ದಿಂಬಾದಲ್ಲಿ ಏನು ಬೆಳೆ, ಯಾವಾಗ ಕೊಯ್ಲು. ಉಪಗ್ರಹಕ್ಕೆ ಕಾಣುವುದು ಹಸಿರು ಅಷ್ಟೇ. ಅದಕ್ಕೆ ಹೆಸರು ಇಡುವವರು ಅವರು.

ನಿಮ್ಮ ಕಸುಂಗುವಿನವರು ಮಾಡಿದ್ದೂ ಅದೇ ಸರ್. ಅವರು ಸಿಂಧನೂರು ಬಿಟ್ಟು ತಮ್ಮ ಊರು ತೆಗೆದುಕೊಂಡರು ಅಂದರೆ ಪಾಠ ಅವರಿಗೆ ಹತ್ತಿತ್ತು ಅಂತ. ಅವರಿಗೆ ಮಾರ್ಚ್ ಕೊನೆಯ ಒಂದು ಚಿತ್ರ ಕತ್ತರಿಸಿ ಕಳಿಸಿ. ಜನವರಿ, ಫೆಬ್ರವರಿಯಲ್ಲಿ ಹೊಲ ಹಸಿರಿದ್ದರೂ ಮೋಡ ಬಿಡುವುದಿಲ್ಲ. ಅಕ್ಟೋಬರ್‌ನದನ್ನೂ ಜೊತೆಗಿಡಿ. ಎರಡನ್ನೂ ಅಕ್ಕಪಕ್ಕ ನೋಡಿದರೆ ಬೇರೆ ಪಾಠವೇ ಬೇಡ. ಕೋರ್ಸ್‌ನ ಮೊದಲ ವಾರವೇ ಎಲ್ಲರಿಂದ ಅವರವರ ಬೆಳೆ ಪಂಚಾಂಗ ಬರೆಸಿಕೊಳ್ಳಿ. ನಮ್ಮ ಮುಂಗಾರು, ಹಿಂಗಾರು ಅಲ್ಲಿಗೆ ನಡೆಯುವುದಿಲ್ಲ.

ಸಾಫ್ಟ್‌ವೇರ್‌ಗಿಂತ ಮೊದಲು ಕೈಯಲ್ಲಿ ಲೆಕ್ಕ ಮಾಡಿಸಿ. ನಾನು ಐದು ಸಾಲು, ಐದು ಕಾಲಂನ ಒಂದು ಚೌಕ ಕಳಿಸುತ್ತೇನೆ. ಪ್ರತಿ ಮನೆಯಲ್ಲಿ ಎರಡು ಅಂಕಿ, ಮೇಲೆ ಕೆಂಪು, ಕೆಳಗೆ ಇನ್‌ಫ್ರಾರೆಡ್, ಆ ಬೆಳಕು ಎಷ್ಟು ಪಾಲು ಮರಳಿತು ಅಂತ. ಇನ್‌ಫ್ರಾರೆಡ್‌ನಿಂದ ಕೆಂಪು ಕಳೆಯಿರಿ, ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ, ಅದೇ ಎನ್‌ಡಿವಿಐ. ಕೆಂಪು 0.05, ಇನ್‌ಫ್ರಾರೆಡ್ 0.40 ಇದ್ದರೆ 0.78, ದಟ್ಟ ಬೆಳೆ. 0.20 ಮತ್ತು 0.25 ಇದ್ದರೆ 0.11, ಬರೀ ಮಣ್ಣು. ನೀರಿನಲ್ಲಿ ಇನ್‌ಫ್ರಾರೆಡ್ ಕೆಂಪಿಗಿಂತ ಕಡಿಮೆ, ಉತ್ತರ ಮೈನಸ್ ಬರುತ್ತದೆ. ತಾಂಜಾನಿಯಾದ ಒಬ್ಬರು ಮಗಳ ಗೆರೆ ಪುಸ್ತಕದಲ್ಲಿ ಈ ಚೌಕ ಬರೆದು ಫೋಟೊ ಕಳಿಸಿದ್ದರು. ಬೆಳೆಗೆ ಹಸಿರು ಬಣ್ಣದ ಪೆನ್ಸಿಲ್. ನೀರಿಗೆ ನೀಲಿ ಇರಲಿಲ್ಲವೇನೋ, ಬಾಲ್‌ಪೆನ್ನಿನಲ್ಲಿ ಓರೆ ಗೆರೆ. ಒಂದು ಮನೆಯಲ್ಲಿ ಅಳಿಸಿ ಅಳಿಸಿ ಕಾಗದವೇ ತೂತಾಗಿತ್ತು. ಮೂರು ಸಲ ಮಾಡಿ ಮೈನಸ್ ಯಾಕೆ ಬಂತು ಅಂತ ಕಂಡುಕೊಂಡರಂತೆ. ಆ ಫೋಟೊ ನನ್ನ ಹತ್ತಿರ ಇನ್ನೂ ಇದೆ.

ಅರ್ಥ್ ಎಂಜಿನ್ ಒಳ್ಳೆಯದೇ. ಲೆಕ್ಕ ಎಲ್ಲ ಗೂಗಲ್‌ನವರ ಕಂಪ್ಯೂಟರ್‌ನಲ್ಲಿ ಆಗುತ್ತದೆ, ನಮಗೆ ನಕ್ಷೆಯ ಚಿತ್ರ ಮಾತ್ರ ಬರುತ್ತದೆ. ಆದರೆ ಫೋನಿನಲ್ಲಿ ಕೋಡ್ ಬರೆಯುವುದು ಬಹಳ ಕಷ್ಟ. ನೆಟ್ ಹೋದರೆ ಕೈಕಟ್ಟಿ ಕೂರಬೇಕು. ನಾನು ಏಳನೇ ವಾರದ ನಂತರ ತರುತ್ತೇನೆ, ಅಷ್ಟರಲ್ಲಿ ಕೋಡ್ ಏನು ಮಾಡುತ್ತಿದೆ ಅಂತ ಅವರಿಗೆ ಕೈಲೆಕ್ಕದಿಂದ ಗೊತ್ತಿರುತ್ತದೆ.

ರಾಡಾರ್ ಪಾಠ ಬಿಡಬೇಡಿ, ಕಷ್ಟ ಅಂತ ಅನ್ನಿಸಿದರೂ. ಇಥಿಯೋಪಿಯಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ, ನಮ್ಮ ಮಲೆನಾಡಿನ ಹಾಗೆ, ಮೋಡ ಇಲ್ಲದ ಚಿತ್ರ ಸಿಗುವುದೇ ಅಪರೂಪ. ರಾಡಾರ್ ಉಪಗ್ರಹ ಸೆಂಟಿನೆಲ್-1 ಮೋಡದ ಆಚೆ ನೋಡುತ್ತದೆ. ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ, ಯಾಕೆಂದರೆ ನಯವಾದ ನೀರು ಸಿಗ್ನಲ್ಲನ್ನು ಕನ್ನಡಿಯಂತೆ ಬೇರೆ ಕಡೆ ಹಾರಿಸಿಬಿಡುತ್ತದೆ. ಒಂದೇ ಎಚ್ಚರಿಕೆ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತದಿಂದ ದಕ್ಷಿಣ ಮಲಾವಿಯಲ್ಲಿ ಪ್ರವಾಹ ಬಂತಲ್ಲ, ಅದನ್ನು ನಾನು ಉದಾಹರಣೆಯಾಗಿ ಹಾಕಿದ್ದೆ. ಶಿರೆ ನದಿಯ ಕೆಳಗಿನವರೊಬ್ಬರು ಕಪ್ಪು ಪಟ್ಟಿಯ ಮೇಲೆ ಬಾಣದ ಗುರುತು ಇಟ್ಟು 'ಇದು ನಮ್ಮ ಚಿಕ್ಕಮ್ಮನ ಹೊಲ' ಅಂತ ಬರೆದರು. ಈಗ ನಾನು ಮೊದಲೇ ಕೇಳುತ್ತೇನೆ: ಈ ಚಿತ್ರ ತೋರಿಸಬಹುದಾ ಅಂತ.

ಹಳೇ_ಟ್ರೇಸಿಂಗ್_ಶೀಟ್ ಉತ್ತರಿಸಿದ್ದು:

ನಾನು ನಿವೃತ್ತ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ.

ನಾವು ಈ ವಿದ್ಯೆ ಕಲಿತದ್ದು ಕಂಪ್ಯೂಟರ್ ಮುಟ್ಟದೆ. ನಮ್ಮ ದೇಶದ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್ 17ರಂದು. ಅದರ ಲಿಸ್-1 ಕ್ಯಾಮೆರಾದ ಒಂದು ಪಿಕ್ಸೆಲ್ 72.5 ಮೀಟರ್. ಅದರ ಎಫ್‌ಸಿಸಿ ಪ್ರಿಂಟ್, ಅಂದರೆ ನಿಜ ಬಣ್ಣದ ಬದಲು ಬೇರೆ ಬಣ್ಣ ಕೊಟ್ಟ ಚಿತ್ರ, ಬರುತ್ತಿತ್ತು. ಬೆಳೆ ಕೆಂಪು, ನೀರು ಕಪ್ಪು ನೀಲಿ. ಲೈಟ್ ಟೇಬಲ್ ಮೇಲೆ ಹಾಸಿ, ಮೇಲೆ ಟ್ರೇಸಿಂಗ್ ಶೀಟ್ ಇಟ್ಟು ಪೆನ್ಸಿಲ್‌ನಲ್ಲಿ ಗಡಿ ಎಳೆಯುವುದು. ಅನುಮಾನ ಬಂದ ಜಾಗಕ್ಕೆ ಜೀಪ್‌ನಲ್ಲಿ ಹೋಗಿ ನೋಡಿ ಬರುವುದು. ಬಣ್ಣ, ಆಕಾರ, ನೆರಳು, ಅಕ್ಕಪಕ್ಕ ಏನಿದೆ, ಇವನ್ನು ನೋಡಿ ಹೇಳುವ ಅಭ್ಯಾಸ ಆಗ ಬಂದದ್ದು ಇವತ್ತಿಗೂ ಕೈ ಬಿಟ್ಟಿಲ್ಲ.

ನಿಮ್ಮ ವಿದ್ಯಾರ್ಥಿಗಳ ಹತ್ತಿರ ಲ್ಯಾಪ್‌ಟಾಪ್ ಇಲ್ಲದಿದ್ದರೆ ಒಂದು ಎ4 ಕಲರ್ ಪ್ರಿಂಟ್ ಸಾಕು. ಪೇಟೆಯಲ್ಲಿ ಒಂದು ಸಲ ತೆಗೆಸಿಕೊಳ್ಳಲಿ. ಮೇಲೆ ತೆಳ್ಳಗಿನ ಬಟರ್ ಪೇಪರ್. ಕಿಟಕಿ ಗಾಜಿಗೆ ಅಂಟಿಸಿದರೆ ಅದೇ ಲೈಟ್ ಟೇಬಲ್. ಇದನ್ನು ಎರಡನೇ ದರ್ಜೆಯ ಪಾಠ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಡೆಹ್ರಾಡೂನ್‌ನ ರಿಮೋಟ್ ಸೆನ್ಸಿಂಗ್ ಸಂಸ್ಥೆ ಐಐಆರ್‌ಎಸ್ 1966ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಫೋಟೊ ಇಂಟರ್‌ಪ್ರಿಟೇಶನ್ ಅಂತ ಇತ್ತು. ನೋಡಿ ಅರ್ಥ ಮಾಡಿಕೊಳ್ಳುವುದೇ ಮೂಲ ವಿದ್ಯೆ.

ಆಗ ಚಿತ್ರಕ್ಕೆ ದುಡ್ಡೂ ಕೊಡಬೇಕಿತ್ತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಉಚಿತವಾಗಿದ್ದು 2008ರಲ್ಲಿ. ಈಗ ಚಿತ್ರ ಪುಕ್ಕಟೆ, ತರಿಸಿಕೊಳ್ಳುವ ನೆಟ್‌ಗೆ ದುಡ್ಡು. ಬಡ ದೇಶದವರ ಪಾಲಿಗೆ ಬಾಗಿಲು ಇನ್ನೂ ಅರ್ಧವೇ ತೆರೆದಿದೆ.

ವರದಾ_ತೀರ ಉತ್ತರಿಸಿದ್ದು:

ನಾನು ಕಲಿಯುವವರ ಕಡೆಯಿಂದ ಹೇಳುತ್ತೇನೆ. ಹಾವೇರಿ ಹತ್ತಿರದ ಹಳ್ಳಿ ನಮ್ಮದು. ಐಐಆರ್‌ಎಸ್‌ನ ಉಚಿತ ಆನ್‌ಲೈನ್ ಕೋರ್ಸ್ ಮಾಡಿದ್ದೇನೆ. ನಾಸಾದವರ ಆರ್ಸೆಟ್ ತರಬೇತಿಯನ್ನೂ ರಾತ್ರಿ ಕೂತು ಮಾಡಿದ್ದೇನೆ, ಅದೂ ಉಚಿತ. ಎಲ್ಲ ಫೋನಿನಲ್ಲೇ. ಪಾಠ ಬಹಳ ಚೆನ್ನಾಗಿತ್ತು. ಆದರೂ ಎರಡು ಸಲ ಅರ್ಧಕ್ಕೆ ಬಿಡುವ ಹಾಗಾಗಿತ್ತು.

ಕಾರಣ ಬುದ್ಧಿಗೆ ಸಂಬಂಧಿಸಿದ್ದಲ್ಲ. ಒಂದು, ಸ್ಲೈಡ್‌ನಲ್ಲಿ ಅಕ್ಷರ ಸಣ್ಣದು. ದೊಡ್ಡ ಪರದೆಗೆ ಮಾಡಿದ ಸ್ಲೈಡ್ ಐದಿಂಚಿನ ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಒಂದು ಸ್ಲೈಡ್‌ಗೆ ಒಂದು ಚಿತ್ರ, ಒಂದು ಸಾಲು ಹಾಕಿ. ಇನ್ನೊಂದು, 'ಏನಾದರೂ ಡೌಟ್ ಇದೆಯಾ' ಅಂತ ಕೇಳಿದರೆ ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ. ಇಂಗ್ಲಿಷ್ ತಪ್ಪಾದರೆ ಅಂತ ಭಯ. ಆದರೆ ಒಬ್ಬ ಮೇಡಂ 'ನಿಮ್ಮ ಊರಿನ ಕೆರೆ ಚಿತ್ರದಲ್ಲಿ ಯಾವ ಬಣ್ಣ ಕಂಡಿತು, ವಾಯ್ಸ್ ಮೆಸೇಜ್ ಕಳಿಸಿ, ಯಾವ ಭಾಷೆಯಾದರೂ ಸರಿ' ಅಂದರು. ನಾನು ಕನ್ನಡದಲ್ಲಿ ನಾಲ್ಕು ನಿಮಿಷ ಮಾತಾಡಿದೆ. ಕೆರೆ ಯಾಕೆ ಹಸಿರಾಗಿ ಕಾಣುತ್ತದೆ ಅಂತ ಕೇಳಿದ್ದರು. ನೀರಿನ ಮೇಲೆ ಕಳೆ ಹಬ್ಬಿದೆ ಮೇಡಂ, ಒಳಗೆ ನೀರಿದೆ ಅಂದೆ. ಅವತ್ತಿನಿಂದ ಒಂದು ಕ್ಲಾಸೂ ತಪ್ಪಿಸಿಲ್ಲ.

ಸರ್, ನಿಮ್ಮವರಲ್ಲೂ ಚಿಚೇವಾದಲ್ಲಿ, ಅಮ್ಹಾರಿಕ್‌ನಲ್ಲಿ, ನೇಪಾಳಿಯಲ್ಲಿ ಮಾತಾಡುವ ಆಸೆ ಇಟ್ಟುಕೊಂಡು ಸುಮ್ಮನೆ ಕೂತವರು ಇರಬಹುದು. ಗುಂಪಿನಲ್ಲಿ ಒಬ್ಬರು ಅದನ್ನು ಇಂಗ್ಲಿಷ್‌ಗೆ ಹೇಳಿಕೊಟ್ಟರೆ ಸಾಕಲ್ವಾ?

ಎಡದಂಡೆ_ರಾಯಚೂರು, ಮೂರು ವಾರದ ನಂತರ:

ಎಲ್ಲರಿಗೂ ಮನಸಾರೆ ವಂದನೆ. ಅವತ್ತೇ ರಾತ್ರಿ ಇಥಿಯೋಪಿಯಾದ ಇಬ್ಬರಿಗೂ ಬರೆದೆ. ಮುಂದಿನ ಶನಿವಾರ ಇಬ್ಬರೂ ಬಂದರು. ಊರಿನ ತುಂಡುಗಳನ್ನು ಕತ್ತರಿಸಿ ಕಳಿಸಿದೆ, ಒಂದೊಂದು 6ರಿಂದ 8 ಎಂಬಿ. ಈಗ ವಾರಕ್ಕೊಂದು ವಾಯ್ಸ್ ಮೆಸೇಜ್ ಕಳಿಸುವವರು 29 ಜನ. ನೇಪಾಳದ ತರಾಯಿಯ ಒಬ್ಬರು ಚಳಿಗಾಲದ ಮಂಜನ್ನು ಮೋಡ ಅಂತ ಗುರುತು ಮಾಡಿದ್ದಕ್ಕೆ ಗುಂಪಿನಲ್ಲಿ ಅರ್ಧ ದಿನ ಚರ್ಚೆ ನಡೆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ.

ಈಗ ಒಂದು ತಾಂತ್ರಿಕ ಪ್ರಶ್ನೆ. ಇಥಿಯೋಪಿಯಾದ ಆ ಇಬ್ಬರಲ್ಲಿ ಒಬ್ಬರ ಮನೆಯ ಟೆಫ್ (ಅಲ್ಲಿನ ಸಣ್ಣ ಕಾಳಿನ ಧಾನ್ಯ) ಹೊಲಕ್ಕೆ ಎರಡು ಅಕ್ಟೋಬರ್ ಚಿತ್ರ ಕೊಟ್ಟಿದ್ದೆ, 2021ರದ್ದು ಮತ್ತು 2023ರದ್ದು. ಹಳೆಯದು ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಮೊದಲೇ ಇತ್ತು. 2021ರಲ್ಲಿ ಎನ್‌ಡಿವಿಐ 0.78, 2023ರಲ್ಲಿ 0.54. ಬೆಳೆ ಸೊರಗಿದೆ ಅಂತ ನಾನು ಅಂದೆ. ಆಕೆ ಒಪ್ಪುತ್ತಿಲ್ಲ. 'ಆ ವರ್ಷ ಬೆಳೆ ಚೆನ್ನಾಗಿತ್ತು, ನಾನೇ ಕೊಯ್ಲಿಗೆ ಹೋಗಿದ್ದೆ' ಅನ್ನುತ್ತಾರೆ. ಅಂಕಿಗಳು: 2021ರಲ್ಲಿ ಕೆಂಪು 500, ಇನ್‌ಫ್ರಾರೆಡ್ 4000. 2023ರಲ್ಲಿ 1500 ಮತ್ತು 5000.

ಧಾರವಾಡದ_ಪಿಕ್ಸೆಲ್:

ಆಕೆಯ ಮಾತೇ ಸರಿ ಸರ್. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ತೀರಾ ಕಪ್ಪು ಜಾಗದಲ್ಲಿ ಬೆಲೆ ಮೈನಸ್‌ಗೆ ಹೋದರೂ ಅದು ಕಳೆದುಹೋಗಬಾರದು ಅಂತ ಆ ವ್ಯವಸ್ಥೆ. ನೀವು ಪ್ರತಿ ಬ್ಯಾಂಡ್‌ನಿಂದ 1000 ಕಳೆದು ಲೆಕ್ಕ ಮಾಡಬೇಕು. ಹಳೆಯ ಚಿತ್ರಗಳನ್ನೂ ಮತ್ತೆ ಸಂಸ್ಕರಿಸಿ ಇಟ್ಟಿದ್ದಾರೆ, ಅದಕ್ಕೆ ಬರೀ ತಾರೀಖು ನೋಡಬೇಡಿ. ಫೈಲ್ ಹೆಸರಿನಲ್ಲಿ ಎನ್ ಅಕ್ಷರದ ನಂತರ ನಾಲ್ಕು ಅಂಕಿ ಇರುತ್ತದೆ. ಅದು 0400 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1000 ಕಳೆಯಿರಿ. ಮುಂದೆ ಅರ್ಥ್ ಎಂಜಿನ್‌ಗೆ ಹೋದಾಗ ಹಾರ್ಮೊನೈಸ್ಡ್ ಅಂತ ಹೆಸರಿರುವ ಸಂಗ್ರಹ ತೆಗೆದುಕೊಳ್ಳಿ, ಅಲ್ಲಿ ಇದನ್ನು ಮೊದಲೇ ಸರಿ ಮಾಡಿರುತ್ತಾರೆ.

ಇದನ್ನು ಆಕೆಯ ಕೈಯಲ್ಲೇ ಲೆಕ್ಕ ಮಾಡಿಸಿ. ಗುಂಪಿಗೆ ಆಕೆಯೇ ಹೇಳಿಕೊಡಲಿ.

ಎಡದಂಡೆ_ರಾಯಚೂರು:

ಮಾಡಿಸಿದೆ ಮೇಡಂ. 1500, 5000 ಹೋಗಿ 500, 4000 ಆಯಿತು. 0.78. ಆಕೆ ವಾಯ್ಸ್ ಮೆಸೇಜ್‌ನಲ್ಲಿ ಮೊದಲು ಅಮ್ಹಾರಿಕ್‌ನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಮತ್ತೆ ವಿವರಿಸಿದರು. ಹಿಂದೆ ಯಾರೋ ನಗುವುದು, ಕೋಳಿ ಕೂಗುವುದು ಎಲ್ಲ ಕೇಳಿಸಿತು. ಅದನ್ನು ಮುಂದಿನ ಬ್ಯಾಚ್‌ಗೂ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೇನೆ, ಒಪ್ಪಿದ್ದಾರೆ.

ಕಸುಂಗುವಿನವರಿಗೆ ಮಾರ್ಚ್, ಅಕ್ಟೋಬರ್ ಎರಡೂ ಚಿತ್ರ ಕಳಿಸಿದ್ದೇನೆ. 'ನಿಮ್ಮದು ಫೇಲ್ ಆಗಿರಲಿಲ್ಲ, ತಿಂಗಳು ತಪ್ಪು ಹೇಳಿದವನು ನಾನು' ಅಂತ ಬರೆದೆ. ಎಂಟು ದಿನ ಒಂದೇ ಟಿಕ್ ಇತ್ತು. ಇವತ್ತು ಮಧ್ಯಾಹ್ನ ಎರಡು ಟಿಕ್ ಬಂದಿದೆ.